ಬಿದ್ದ ದನ ಏಳದಿದ್ದಾಗ: ತೊಂದರೆ ಮೆದುಳಿನಲ್ಲೋ, ಬೆನ್ನುಹುರಿಯಲ್ಲೋ, ಕಾಲಿನ ನರದಲ್ಲೋ ಎಂದು ಕ್ರಮವಾಗಿ ನೋಡುವ ಬಗೆ

ಹಟ್ಟಿಯಲ್ಲೋ ತೋಟದ ಕಣಿಯಲ್ಲೋ (ನೀರು ಹರಿಯುವ ಚರಂಡಿಯಲ್ಲೋ) ದನ ಬಿದ್ದು ಏಳದೆ ಹೋದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ನಡೆಯುವುದು ಹೆಚ್ಚುಕಡಿಮೆ ಒಂದೇ. ನಾಲ್ಕು ಜನ ಸೇರಿ ಬಾಲ ಹಿಡಿದು ಎತ್ತುತ್ತಾರೆ. ಗೊಟ್ಟದಲ್ಲಿ (ಬಾಯಿಗೆ ಔಷಧಿ ಹೊಯ್ಯುವ ಕೊಳವೆಯಲ್ಲಿ) ಕಷಾಯ ಹೊಯ್ಯುತ್ತಾರೆ. ಕೊನೆಗೆ ಒಬ್ಬರು ಕಾಲಿಗೆ ಚುಚ್ಚಿ ನೋಡುತ್ತಾರೆ. ಕಾಲು ಸರಕ್ಕನೆ ಒಳಗೆ ಹೋದರೆ "ಸ್ಪರ್ಶ ಉಂಟು, ನಾಳೆ ಎದ್ದೀತು" ಎಂದು ಎಲ್ಲರಿಗೂ ಸಮಾಧಾನ.

ಈ ಮೂರೂ ತಪ್ಪು. ಅದರಲ್ಲಿ ಮೂರನೆಯದು ಕಾಣದಂಥ ತಪ್ಪು, ಆದ್ದರಿಂದಲೇ ಮತ್ತೆ ಮತ್ತೆ ಆಗುತ್ತದೆ. ಕಾಲು ಎಳೆದುಕೊಳ್ಳುವುದು ಬೆನ್ನುಹುರಿ ಕೊಡುವ ಉತ್ತರ. ನೋವು ಗೊತ್ತಾಗಿ ತಲೆ ತಿರುಗಿಸಿ ನೋಡುವುದು ಮೆದುಳು ಕೊಡುವ ಉತ್ತರ. ಬೆನ್ನುಹುರಿ ನಡುಬೆನ್ನಿನಲ್ಲಿ ಪೂರ್ತಿ ತುಂಡಾದ ದನವೂ ಚಿವುಟಿದರೆ ಹಿಂಗಾಲು ಎಳೆದುಕೊಳ್ಳುತ್ತದೆ, ಆದರೆ ಅದಕ್ಕೆ ಏನೂ ಗೊತ್ತಾಗಿರುವುದಿಲ್ಲ. ಇವೆರಡನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಡಾಕ್ಟರಿಗೆ ಫೋನಿನಲ್ಲಿ ಹೇಳುವ ನಾಲ್ಕು ಮಾತೂ ಉಪಯೋಗಕ್ಕೆ ಬರುತ್ತವೆ.

ಇದು ಚಿಕಿತ್ಸೆಯ ಬರಹವಲ್ಲ. ಡಾಕ್ಟರು ಬರುವ ತನಕ ಏನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು, ಏನು ಮಾಡಲೇಬಾರದು ಎಂಬುದಷ್ಟೇ ಇಲ್ಲಿದೆ. ಕರುಗಳಿಗೂ ಕಾಸರಗೋಡು ಗಿಡ್ಡ ತಳಿಯ ಹಗುರ ದನಗಳಿಗೂ ಎಲ್ಲ ಹಂತಗಳನ್ನೂ ಮಾಡಬಹುದು. ನಾಲ್ಕೈದು ಕ್ವಿಂಟಲ್ ತೂಗುವ ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ದನಗಳಿಗೆ 5ನೇ ಹಂತವನ್ನು ಬಿಡಬೇಕಾಗುತ್ತದೆ.

## ಮೊದಲು ತಿಳಿದಿರಬೇಕಾದ ಎರಡು ದಾರಿ

ಗೊರಸಿನ ಸಂದಿಯ ಚರ್ಮವನ್ನು ಚಿವುಟಿದಾಗ ಸುದ್ದಿ ಸಂವೇದನಾ ನರದ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಅಲ್ಲೇ ಒಂದೆರಡು ನರಕೋಶಗಳನ್ನು ದಾಟಿ ಚಾಲಕ ನರಕ್ಕೆ ಸಿಗುತ್ತದೆ, ಸ್ನಾಯು ಕುಗ್ಗಿ ಕಾಲು ಮಡಚುತ್ತದೆ. ಇದೇ ಪರಾವರ್ತಿತ ಚಾಪ (ರಿಫ್ಲೆಕ್ಸ್ ಆರ್ಕ್). ಇದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ. ಅದೇ ಹೊತ್ತಿಗೆ ಇನ್ನೊಂದು ಕವಲು ಬೆನ್ನುಹುರಿಯ ಉದ್ದಕ್ಕೂ ಮೇಲೇರಿ ಮೆದುಳಿಗೆ ಹೋಗುತ್ತದೆ. ಅದು ತಲುಪಿದರೆ ಮಾತ್ರ ನೋವು.

ಮೆದುಳಿನಿಂದ ಕೆಳಗಿಳಿಯುವ ದಾರಿಗೂ ಎರಡು ಕೆಲಸ: ನಡೆ, ಏಳು, ತಿರುಗು ಎಂದು ಹೇಳುವುದು ಒಂದು, ಬೆನ್ನುಹುರಿಯ ಪರಾವರ್ತಿತ ಪ್ರತಿಕ್ರಿಯೆಗಳು ಅತಿಯಾಗದಂತೆ ತಡೆದು ಹಿಡಿಯುವುದು ಇನ್ನೊಂದು. ಹಾಗಾಗಿ ಪೆಟ್ಟು ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಎರಡು ತದ್ವಿರುದ್ಧ ಚಿತ್ರಗಳು ಕಾಣುತ್ತವೆ.

ಮೇಲಿನ ದಾರಿ ತುಂಡಾದರೆ ತಡೆ ಹೋಗುತ್ತದೆ. ಕಾಲು ದನದ ಮಾತು ಕೇಳುವುದಿಲ್ಲ, ಆದರೆ ಬಿಗಿಯಾಗಿರುತ್ತದೆ, ತಟ್ಟಿದರೆ ಜೋರಾಗಿ ಒದೆಯುತ್ತದೆ. ಚಾಪವೇ ತುಂಡಾದರೆ, ಅಂದರೆ ಕಾಲಿನ ನರ ಅಥವಾ ಆ ನರ ಹೊರಡುವ ಬೆನ್ನುಹುರಿಯ ತುಣುಕು ಹಾಳಾದರೆ, ಕಾಲು ಜೋತು ಬೀಳುತ್ತದೆ, ತಟ್ಟಿದರೂ ಚಿವುಟಿದರೂ ಉತ್ತರವಿಲ್ಲ, ವಾರ ಹತ್ತು ದಿನದಲ್ಲಿ ಸ್ನಾಯು ಕರಗಿ ಮೂಳೆ ಎದ್ದು ಕಾಣುತ್ತದೆ.

ಮುಂಗಾಲಿನ ಚಾಪಗಳು ಕೊರಳಿನ ಕೊನೆ ಮತ್ತು ಎದೆಯ ಮೊದಲ ತುಣುಕುಗಳಲ್ಲಿವೆ. ಹಿಂಗಾಲಿನವು ಸೊಂಟದ ಹಿಂಭಾಗ ಮತ್ತು ತ್ರಿಕದ (ಸೊಂಟಕ್ಕೂ ಬಾಲಕ್ಕೂ ನಡುವಿನ ಭಾಗದ) ಮೊದಲ ತುಣುಕುಗಳಲ್ಲಿವೆ. ದನಕ್ಕೆ ಕೊರಳಲ್ಲಿ 7, ಎದೆಯಲ್ಲಿ 13, ಸೊಂಟದಲ್ಲಿ 6, ತ್ರಿಕದಲ್ಲಿ 5 ಕಶೇರುಗಳು (ಬೆನ್ನುಮೂಳೆಯ ಮಣಿಗಳು). ಹಿಂಗಾಲು ಮಾತ್ರ ಹೋಗಿ ಮುಂಗಾಲು ಸರಿಯಿದ್ದರೆ ಪೆಟ್ಟು ಎದೆಯ ಎರಡನೇ ಕಶೇರುವಿನಿಂದ ಹಿಂದಕ್ಕೆ ಎಂದು ಊಹಿಸಬಹುದು.

## ಬೇಕಾಗುವ ಸಾಮಾನು

ಪ್ರಖರ ಬೆಳಕಿನ ಟಾರ್ಚು (ಮೊಬೈಲಿನ ಬೆಳಕು ಕರುವಿಗೆ ಸಾಕು, ದೊಡ್ಡ ದನಕ್ಕೆ ಸಾಲದು), ಥರ್ಮಾಮೀಟರ್, ರಬ್ಬರ್ ಕೈಗವಸು, ತುದಿಗೆ ಬಟ್ಟೆ ಸುತ್ತಿದ ಇಕ್ಕುಳ ಅಥವಾ ಆರ್ಟರಿ ಫೋರ್ಸೆಪ್ಸ್, ಮುಚ್ಚಳ ಹಾಕಿದ ಬಾಲ್‌ಪೆನ್, ತಟ್ಟಲು ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ ಸಣ್ಣ ಸುತ್ತಿಗೆ, ಒಂದು ನೋಟ್‌ಪುಸ್ತಕ. ಸೂಜಿ ಬೇಡ. ಹೆದರಿದ ದನ ಕಾಲು ಬೀಸಿದಾಗ ಸೂಜಿ ನಿಮ್ಮ ಕೈಗೇ ಚುಚ್ಚುತ್ತದೆ.

ಜೊತೆಗೆ ಒಬ್ಬರು ಬೇಕು. ನೀವು ಗೊರಸಿನ ಹತ್ತಿರ ಇರುವಾಗ ದನದ ಮುಖವನ್ನೇ ನೋಡುತ್ತಾ ಕೂರುವುದು ಅವರ ಕೆಲಸ. ಒಬ್ಬರೇ ಮಾಡಿದರೆ ಕಾಲು ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ.

## 1. ಮುಟ್ಟುವ ಮೊದಲು: ಹುಚ್ಚುನಾಯಿ ರೋಗದ ಸಂಶಯ ಇದೆಯೇ?

ಬೇರೆ ಎಲ್ಲ ಹಂತಗಳಿಗಿಂತ ಇದು ಮೊದಲು. ರೇಬೀಸ್ ಹಿಡಿದ ದನ ಯಾವಾಗಲೂ ಹಾಯಲು ಬರುವುದಿಲ್ಲ. ಬಹಳ ಸಲ ಸುಮ್ಮನೆ ಹಿಂಗಾಲು ಸೋತು, ಬಾಲ ಜೋತು, ಬಾಯಲ್ಲಿ ಜೊಲ್ಲು ಸುರಿಸುತ್ತಾ ನಿಲ್ಲುತ್ತದೆ ಅಥವಾ ಬೀಳುತ್ತದೆ. ಸ್ವರ ಒಡೆದು ಬೇರೆಯೇ ಧ್ವನಿಯಲ್ಲಿ ಮತ್ತೆ ಮತ್ತೆ ಕೂಗುತ್ತದೆ. ನುಂಗಲು ಆಗುವುದಿಲ್ಲ, ಸೆಗಣಿ ಹಾಕಲು ತಿಣುಕುತ್ತಲೇ ಇರುತ್ತದೆ. ಇದನ್ನು ನೋಡಿ "ಗಂಟಲಲ್ಲಿ ಏನೋ ಸಿಕ್ಕಿದೆ" ಎಂದು ಬಾಯೊಳಗೆ ಕೈ ಹಾಕುವುದು ಅತ್ಯಂತ ಅಪಾಯದ ತಪ್ಪು.

ಇವುಗಳಲ್ಲಿ ಎರಡು ಲಕ್ಷಣ ಒಟ್ಟಿಗೆ ಕಂಡರೆ, ಅಥವಾ ಕಳೆದ ಕೆಲವು ತಿಂಗಳಲ್ಲಿ ನಾಯಿ, ನರಿ ಕಚ್ಚಿದ್ದು ನೆನಪಿದ್ದರೆ, ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ದನವನ್ನು ಬೇರೆಯಾಗಿ ಕಟ್ಟಿ, ಮಕ್ಕಳನ್ನು ದೂರವಿಟ್ಟು ಡಾಕ್ಟರಿಗೆ ತಿಳಿಸಿ. ಹಸಿ ಹಾಲು ಯಾರೂ ಕುಡಿಯಬಾರದು. ಜೊಲ್ಲು ಗಾಯಕ್ಕೋ ಕಣ್ಣಿಗೋ ತಾಗಿದ್ದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಕಣ್ಣನ್ನಾದರೆ ಬರೀ ನೀರಿನಿಂದ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ನಾಳೆಗೆ ಇಡುವ ವಿಷಯವಲ್ಲ.

## 2. ಐದು ಪ್ರಶ್ನೆ, ಬರೆದಿಟ್ಟ ಉತ್ತರ

ಯಾವಾಗ ಬಿತ್ತು, ಎಷ್ಟು ಹೊತ್ತಾಯಿತು? ಕರು ಹಾಕಿ ಎಷ್ಟು ದಿನವಾಯಿತು, ಎಷ್ಟನೇ ಕರು, ಕರುವನ್ನು ಎಳೆದು ತೆಗೆದದ್ದೇ? ಜಾರಿದ್ದೇ, ಕಣಿಗೆ ಬಿದ್ದದ್ದೇ, ಮುರಕಲ್ಲಿನ ಗುಡ್ಡೆಯಿಂದ ಉರುಳಿದ್ದೇ? ಹೊಸದಾಗಿ ಏನಾದರೂ ತಿಂದಿದೆಯೇ? ಇತ್ತೀಚೆಗೆ ಇಂಜೆಕ್ಷನ್ ಎಲ್ಲಿ ಕೊಟ್ಟಿದ್ದು?

ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಕರುವಿನ ತೊಡೆಯ ಹಿಂಭಾಗಕ್ಕೆ ಕೊಟ್ಟ ಇಂಜೆಕ್ಷನ್ ಸಯಾಟಿಕ್ ನರಕ್ಕೆ (ಹಿಂಗಾಲಿಗೆ ಇಳಿಯುವ ದೊಡ್ಡ ನರ) ತಾಗಿದರೆ ಕಾಲು ಆ ದಿನವೇ ಸೋಲಬಹುದು. ಸಣ್ಣ ಕರುವಿಗೆ ಸ್ನಾಯುವಿನ ಇಂಜೆಕ್ಷನ್ ಕೊರಳಿನ ಬದಿಗೆ ಕೊಡಿಸುವುದೇ ಒಳ್ಳೆಯದು.

ತಿಂದದ್ದರ ವಿಷಯದಲ್ಲಿ ನಮ್ಮ ಕಡೆ ವಿಶೇಷವಾಗಿ ಕೇಳಬೇಕಾದ್ದು ಎರಡು. ಅಡಿಕೆ ಬುಡದ ಬೇರುಹುಳಕ್ಕೆ ಹಾಕುವ ಕ್ಲೋರ್‌ಪೈರಿಫಾಸ್‌ನಂಥ ಔಷಧಿ ನೀರಿಗೋ ಹುಲ್ಲಿಗೋ ಸೇರಿದೆಯೇ? ಸೇರಿದ್ದರೆ ಜೊಲ್ಲು, ಕಣ್ಣೀರು, ಚಿಕ್ಕದಾದ ಕಣ್ಣಪಾಪೆ, ಮೈಯೆಲ್ಲ ಸ್ನಾಯು ಅದುರುವುದು ಒಟ್ಟಿಗೆ ಕಾಣುತ್ತವೆ. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಒಡೆಯದೆ ಅಲ್ಲೇ ಉಳಿಯುವುದು ಇದಕ್ಕೆ ಕಾರಣ. ಬಾಟಲಿಯ ಲೇಬಲ್ ತೆಗೆದಿಡಿ. ಇನ್ನೊಂದು ಕಾಸರಕನ ಬೀಜ. ಅದರಲ್ಲಿರುವ ಸ್ಟ್ರಿಕ್ನಿನ್ ಬೆನ್ನುಹುರಿಯಲ್ಲಿ ತಡೆಯುವ ಸಂಕೇತವನ್ನೇ ಕಟ್ಟಿಹಾಕುತ್ತದೆ, ಸಣ್ಣ ಸದ್ದಿಗೂ ಮೈ ಬಿಲ್ಲಿನಂತೆ ಸೆಟೆಯುತ್ತದೆ.

## 3. ದೂರದಿಂದ ಹತ್ತು ನಿಮಿಷ

ಕೈ ಕಟ್ಟಿ ನಿಂತು ನೋಡಿ. ಈ ಹಂತವನ್ನು ಹಾರಿಸಿದವರಿಗೆ ಮುಂದಿನದೆಲ್ಲ ಗೊಂದಲ.

ದನ ನಿಮ್ಮನ್ನು ಗಮನಿಸುತ್ತಿದೆಯೇ, ಮೇವು ತೋರಿಸಿದರೆ ಕೊರಳು ಚಾಚುತ್ತದೆಯೇ? ಹೌದಾದರೆ ಮೆದುಳಿನ ಮೇಲ್ಭಾಗ ಬಹುಮಟ್ಟಿಗೆ ಸರಿ. ಗೋಡೆಗೆ ತಲೆ ಒತ್ತಿಕೊಂಡು ಇದ್ದರೆ, ಒಂದೇ ಕಡೆಗೆ ಸುತ್ತುತ್ತಿದ್ದರೆ, ಕರೆದರೂ ಕಿವಿ ಅಲ್ಲಾಡದಿದ್ದರೆ ತೊಂದರೆ ತಲೆಯೊಳಗೆ.

ಏಳಲು ಪ್ರಯತ್ನಿಸುವಾಗ ಏನಾಗುತ್ತದೆ ಎಂದು ನೋಡಿ. ಮುಂಗಾಲು ಊರಿ ತೆವಳುತ್ತಿದ್ದರೆ ಹಿಂಭಾಗದ ತೊಂದರೆ. ಹಿಂಗಾಲು ಎರಡೂ ಬದಿಗೆ ಜಾರಿ ಕಪ್ಪೆಯಂತೆ ಹರಡಿಕೊಂಡರೆ ಆಬ್ಟುರೇಟರ್ ನರ ನೆನಪಾಗಬೇಕು. ದೊಡ್ಡ ಕರು ಹಾದುಬರುವಾಗ ಜಘನದ (ಸೊಂಟದ ಮೂಳೆಗೂಡಿನ) ಒಳಗೋಡೆಗೆ ಒತ್ತಿಹೋಗುವ ನರ ಅದು. ತೊಡೆಗಳನ್ನು ಒಳಕ್ಕೆ ಎಳೆದು ಹಿಡಿಯುವ ಸ್ನಾಯುಗಳು ಅದರ ಕೈಯಲ್ಲಿವೆ. ನಿಂತ ಕರು ಕಾಲು ಅಗಲಿಸಿ, ಹೆಜ್ಜೆ ಅತಿ ಎತ್ತರಕ್ಕೆ ಎತ್ತಿ, ಮೊಲೆ ಹುಡುಕುವಾಗ ತಲೆ ನಡುಗಿಸಿದರೆ ತೊಂದರೆ ಅನುಮಸ್ತಿಷ್ಕದಲ್ಲಿ, ಅಂದರೆ ಚಲನೆಯ ಅಳತೆ ನೋಡಿಕೊಳ್ಳುವ ಹಿಂಬದಿಯ ಚಿಕ್ಕ ಮೆದುಳಿನಲ್ಲಿ. ಬಲ ಕಡಿಮೆಯಾಗಿಲ್ಲ, ಅಳತೆ ತಪ್ಪಿದೆ ಅಷ್ಟೆ.

ಕೊರಳನ್ನು ಪಕ್ಕೆಗೆ ತಿರುಗಿಸಿ ಮಂಕಾಗಿ ಮಲಗಿದ, ಕರು ಹಾಕಿ ಮೂರು ದಿನ ದಾಟದ ಮಿಶ್ರತಳಿ ದನವಾದರೆ ಇಲ್ಲೇ ನಿಲ್ಲಿಸಿ, ಕಿವಿ ಮುಟ್ಟಿ, ಥರ್ಮಾಮೀಟರ್ ಇಡಿ. ಆರೋಗ್ಯದ ದನದ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. 100ಕ್ಕಿಂತ ಕೆಳಗಿಳಿದು, ಕಿವಿ ತಣ್ಣಗಾಗಿ, ಮೂಗಿನ ತುದಿ ಒಣಗಿದ್ದರೆ ಹಾಲುಜ್ವರ. ಹೆಸರಿನಲ್ಲಿ ಜ್ವರ ಇದೆಯೆಂದು ಮೈ ಬಿಸಿ ಹುಡುಕುತ್ತಾ ಕೂರಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಸಾಕಷ್ಟು ಹೊರಬರುವುದಿಲ್ಲ. ನರ ಸರಿ, ಸ್ನಾಯು ಸರಿ, ನಡುವಿನ ಸುದ್ದಿ ಮಾತ್ರ ನಿಂತಿದೆ. ಆಗಲೇ ಡಾಕ್ಟರಿಗೆ ಫೋನ್ ಮಾಡಿ, ಉಳಿದ ಹಂತಗಳು ಅವರು ಬರುವ ತನಕ.

## 4. ತಲೆ ಮತ್ತು ಕಣ್ಣು

ಒಂದು ಕಣ್ಣನ್ನು ಮುಚ್ಚಿ ಹಿಡಿದು ಇನ್ನೊಂದರ ಎದುರು ಬೆರಳು ಚಾಚಿ ತನ್ನಿ. ಕಣ್ಣು ಮಿಟುಕಬೇಕು. ಕೈ ಬೀಸಬೇಡಿ. ಗಾಳಿ ಕಣ್ಣಿಗೆ ತಾಗಿದರೆ ಕುರುಡು ದನವೂ ಮಿಟುಕಿಸುತ್ತದೆ. ಇದು ಕಲಿತು ಬರುವ ಪ್ರತಿಕ್ರಿಯೆ, ಹುಟ್ಟಿನಿಂದ ಬಂದದ್ದಲ್ಲ. ಒಂದು ವಾರ ತುಂಬದ ಕರುವಿನಲ್ಲಿ ಇಲ್ಲದಿದ್ದರೆ ಹೆದರಬೇಡಿ.

ಆಮೇಲೆ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ರೆಪ್ಪೆ ಮುಚ್ಚಬೇಕು. ಮುಟ್ಟಿದ್ದು ಗೊತ್ತಾಗುವುದು ಐದನೇ ಕಪಾಲ ನರದಿಂದ (ಮೆದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ಒಂದು), ಮುಚ್ಚುವುದು ಏಳನೆಯದರಿಂದ. ಒಂದು ಕಡೆ ಮಾತ್ರ ಮುಚ್ಚದೆ, ಅದೇ ಕಡೆಯ ಕಿವಿ, ತುಟಿ ಜೋತಿದ್ದರೆ ಏಳನೇ ನರ.

ನೆರಳಿನಲ್ಲಿ ಟಾರ್ಚು ಹಾಕಿ ಪಾಪೆ ಕುಗ್ಗುವುದನ್ನು ನೋಡಿ. ದನದ ಪಾಪೆ ಅಡ್ಡಕ್ಕೆ ಉದ್ದ, ನಿಧಾನವಾಗಿ ಕುಗ್ಗುತ್ತದೆ. ನಾಲ್ಕೈದು ಸೆಕೆಂಡು ಕೊಡಿ. ಕಣ್ಣು ಕಾಣುತ್ತಿಲ್ಲ, ಆದರೆ ಪಾಪೆ ಕುಗ್ಗುತ್ತದೆ ಎಂದಾದರೆ ಕಣ್ಣೂ ಕಣ್ಣಿನ ನರವೂ ಸರಿ, ತೊಂದರೆ ಮೆದುಳಿನ ಹೊರಪದರದಲ್ಲಿ. ಥಯಾಮಿನ್ (ವಿಟಮಿನ್ ಬಿ1) ಕೊರತೆಯಲ್ಲಿ ಹೀಗಾಗುತ್ತದೆ, ಬೇಗ ಇಂಜೆಕ್ಷನ್ ಸಿಕ್ಕರೆ ಕರು ಉಳಿಯುವ ಸಾಧ್ಯತೆ ಉಂಟು. ರೆಪ್ಪೆ ಎರಡೂ ಜೋತು, ನಾಲ್ಕೂ ಕಾಲು ಸೋತು, ರಾತ್ರಿ ಹಟ್ಟಿಯಲ್ಲಿ ಸರಿಯಿದ್ದ ದನ ಬೆಳಗ್ಗೆ ಹೀಗಾಗಿದ್ದರೆ ನಾಗರಹಾವು, ಕಟ್ಟುಹಾವಿನ ವಿಷವನ್ನೂ ಮನಸ್ಸಿನಲ್ಲಿಡಿ.

ನುಂಗುವ ಶಕ್ತಿಯನ್ನು ಬಾಯಿಗೆ ಕೈ ಹಾಕಿ ನೋಡಬಾರದು. ಬಕೆಟ್‌ನಲ್ಲಿ ನೀರು ಎದುರಿಗಿಡಿ. ತಾನಾಗಿ ಕುಡಿದು, ಮೂಗಿನಲ್ಲಿ ವಾಪಸ್ ಬರದಿದ್ದರೆ ಸರಿ. ಮಲಗಿದ ದನಕ್ಕೆ ಗೊಟ್ಟದಲ್ಲಿ ಯಾವುದನ್ನೂ ಹೊಯ್ಯಬೇಡಿ. ನುಂಗುವುದೂ ಕೆಮ್ಮುವುದೂ ಪರಾವರ್ತಿತ ಪ್ರತಿಕ್ರಿಯೆಗಳೇ. ಅವು ಮಂದವಾಗಿರುವಾಗ ಕಷಾಯ ಶ್ವಾಸಕೋಶಕ್ಕೆ ಇಳಿಯುತ್ತದೆ. ನರದ ತೊಂದರೆಯಿಂದ ಚೇತರಿಸಿಕೊಳ್ಳಬಹುದಾಗಿದ್ದ ದನ ನ್ಯುಮೋನಿಯಾದಿಂದ ಸಾಯುತ್ತದೆ. ಬಾಯಿಗೆ ಹಾಕುವ ಕ್ಯಾಲ್ಸಿಯಂ ಜೆಲ್‌ಗೂ ಇದೇ ಮಾತು.

## 5. ಪಾದ ಮಗುಚುವ ಪರೀಕ್ಷೆ

ಹಿಡಿದು ನಿಲ್ಲಿಸಬಹುದಾದ ಕರು, ಗಿಡ್ಡ ದನಗಳಿಗೆ ಮಾತ್ರ. ಹೊಟ್ಟೆಯಡಿ ಗೋಣಿ ಹಾಕಿ ಇಬ್ಬರು ಭಾರ ಹೊರಲಿ. ಒಂದು ಗೊರಸನ್ನು ಹಿಂದಕ್ಕೆ ಮಡಚಿ, ಅದರ ಮುಂಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ಪ್ರಾಣಿ ಕೂಡಲೇ ಸರಿಪಡಿಸಿಕೊಳ್ಳುತ್ತದೆ. ಕಾಲು ಎಲ್ಲಿದೆ ಎಂಬ ಅರಿವನ್ನು ಒಯ್ಯುವ ದಪ್ಪ ನರತಂತುಗಳು ಒತ್ತಡಕ್ಕೆ ಮೊದಲು ಸೋಲುತ್ತವೆ. ಆದ್ದರಿಂದ ಬೆನ್ನುಹುರಿಯ ತೊಂದರೆ ಶುರುವಾಗುವಾಗ ಮೊದಲು ತಪ್ಪುವುದು ಇದು. ಆಮೇಲೆ ಚಲನೆ, ಆಮೇಲೆ ಚರ್ಮದ ನೋವು, ಎಲ್ಲಕ್ಕಿಂತ ಕೊನೆಗೆ ಮೂಳೆಯ ಆಳದ ನೋವು. ಈ ಕ್ರಮವನ್ನು ಬರೆದಿಟ್ಟುಕೊಳ್ಳಿ. ವಾಸಿಯಾಗುವಾಗ ಸಾಮಾನ್ಯವಾಗಿ ಇದೇ ಕ್ರಮ ಹಿಂದುಮುಂದಾಗಿ ಬರುತ್ತದೆ.

ನಿಲ್ಲಿಸುವಾಗ ಬಾಲ ಹಿಡಿದು ಎತ್ತಬಾರದು. ಬಾಲದ ಬುಡದ ಕಶೇರು ಜಾರಿದರೆ ಅಲ್ಲಿಯ ನರಗಳು ಹರಿದು ಬಾಲ ಜೋಲುತ್ತದೆ, ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ. ಇಲ್ಲದ ತೊಂದರೆಯೊಂದನ್ನು ನಾವೇ ಸೇರಿಸಿದಂತಾಗುತ್ತದೆ.

## 6. ಪರಾವರ್ತಿತ ಪ್ರತಿಕ್ರಿಯೆಗಳು

ಕರುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಮೇಲಿನ ಕಾಲುಗಳನ್ನು ಮಾತ್ರ ನೋಡಬೇಕು. ಆಮೇಲೆ ಮಗ್ಗುಲು ಬದಲಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೆರಡು. ಭಾರದಡಿ ಇದ್ದ ಕಾಲಿಗೆ ಜೋಮು ಹಿಡಿದಿರುತ್ತದೆ. ಮಗುಚಿದ ಕೂಡಲೇ ತಟ್ಟಿದರೆ ಸುಳ್ಳು ಉತ್ತರ ಬರುತ್ತದೆ. ಕಾಲು ಬಿಗಿ ಹಿಡಿದ, ಹೆದರಿದ ಪ್ರಾಣಿಯಲ್ಲೂ ಉತ್ತರ ಸಿಗುವುದಿಲ್ಲ. ಕಾಲನ್ನು ಐದಾರು ಸಲ ಮೆಲ್ಲಗೆ ಮಡಚಿ ಬಿಡಿಸಿ, ಸಡಿಲವಾದ ಮೇಲೆ ಶುರು ಮಾಡಿ.

ಪ್ರತಿಯೊಂದಕ್ಕೂ ಅಂಕ ಬರೆಯಿರಿ: ಇಲ್ಲವೇ ಇಲ್ಲ ಎಂದರೆ 0, ಮಂದ 1, ಸಹಜ 2, ಜೋರು 3, ಒಂದು ಸಲ ತಟ್ಟಿದರೆ ಹಲವು ಸಲ ಅದುರುವುದು 4. ಎಡಬಲ ಬೇರೆ ಬೇರೆ. ಒಂದು ಅಂಕದ ವ್ಯತ್ಯಾಸಕ್ಕಿಂತ ಎಡಬಲಗಳ ನಡುವಿನ ವ್ಯತ್ಯಾಸ ಹೆಚ್ಚು ಮುಖ್ಯ. ಎಳೆಗರುವಿನಲ್ಲಿ 3 ಸಹಜವೇ.

ಮಂಡಿಯ ಪ್ರತಿಕ್ರಿಯೆ. ಮಂಡಿ ಎಂದರೆ ಮುಂಗಾಲಿನ ನಡುವಿನ ಬಾಗು ಅಲ್ಲ, ಬಹಳ ಜನ ಅಲ್ಲೇ ತಟ್ಟಿ "ಏನೂ ಆಗಲಿಲ್ಲ" ಎನ್ನುತ್ತಾರೆ. ನಿಜವಾದ ಮಂಡಿ ಹಿಂಗಾಲಿನಲ್ಲಿ, ಹೊಟ್ಟೆಯ ಚರ್ಮದ ಮಡಿಕೆಯ ಹತ್ತಿರ. ತೊಡೆಯ ಅಡಿಗೆ ಒಂದು ಕೈ ಕೊಟ್ಟು ಮಂಡಿಯನ್ನು ಸ್ವಲ್ಪ ಬಾಗಿಸಿ ಹಿಡಿಯಿರಿ. ಮಂಡಿಚಿಪ್ಪಿನ ಕೆಳಗೆ, ಕಾಲಿನ ಮೂಳೆ ಶುರುವಾಗುವ ಮೊದಲು, ಹುರಿಯಂತೆ ಕೈಗೆ ಸಿಗುವ ನಡುವಿನ ಅಸ್ಥಿರಜ್ಜುವಿಗೆ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಸುತ್ತಿಗೆಯ ಟ್ಯೂಬ್ ಸುತ್ತಿದ ಹಿಡಿಕೆಯಿಂದ ಚುರುಕಾಗಿ ತಟ್ಟಿ. ಕಾಲು ಮುಂದಕ್ಕೆ ಒದೆಯಬೇಕು. ಇಲ್ಲಿ ಸಂವೇದನಾ ನರಕ್ಕೂ ಚಾಲಕ ನರಕ್ಕೂ ನಡುವೆ ಮೂರನೆಯ ನರಕೋಶವೇ ಇಲ್ಲ, ನೇರ ಸಂಪರ್ಕ. ಹಾಗಾಗಿ ಎಲ್ಲ ಪ್ರತಿಕ್ರಿಯೆಗಳಲ್ಲಿ ಇದರ ಸಾಕ್ಷ್ಯವೇ ಹೆಚ್ಚು ನಂಬಿಕೆಯದು. ಹೊರಬರುವಾಗ ಸೊಂಟ ಸಿಕ್ಕಿಕೊಂಡು, ಬಲವಾಗಿ ಎಳೆದು ತೆಗೆದ ಕರುವಿನಲ್ಲಿ ಇದು 0 ಆಗಿ, ಭಾರ ಬಿಟ್ಟ ಕೂಡಲೇ ಮಂಡಿ ಕುಸಿದರೆ ಫೆಮೊರಲ್ ನರ (ಮಂಡಿ ಚಾಚುವ ತೊಡೆಯ ಸ್ನಾಯುವಿನ ನರ) ಹಿಗ್ಗಿ ಹಾಳಾಗಿದೆ.

ಎಳೆದುಕೊಳ್ಳುವ ಪ್ರತಿಕ್ರಿಯೆ. ಗೊರಸಿನ ಎರಡು ಉಗುರುಗಳ ನಡುವಿನ ಚರ್ಮವನ್ನು ಮೊದಲು ಬೆರಳಿನಿಂದ, ಉತ್ತರ ಬಾರದಿದ್ದರೆ ಮಾತ್ರ ಇಕ್ಕುಳದಿಂದ ಒತ್ತಿ. ಕಾಲು ಮಡಚುವಾಗ ಯಾವ ಗಂಟು ಮಡಚಿತು ಎಂದು ನೋಡಬೇಕು, ಮಡಚಿತೋ ಇಲ್ಲವೋ ಎಂದಷ್ಟೇ ನೋಡಿದರೆ ಸಾಲದು. ಹಿಂಗಾಲಿನಲ್ಲಿ ಸೊಂಟದಿಂದ ಮಾತ್ರ ಎಳೆದು, ಹಿಂದಕ್ಕೆ ಚೂಪಾಗಿ ಕಾಣುವ ಹಿಮ್ಮಡಿ ಗಂಟು ಮಡಚದೆ ಉಳಿದರೆ ಸಯಾಟಿಕ್ ನರ ಕೆಲಸ ಮಾಡುತ್ತಿಲ್ಲ. ಸೊಂಟವನ್ನು ಮಡಚುವ ಸ್ನಾಯುಗಳ ನರ ಬೇರೆ, ಅದು ಮೋಸ ಮಾಡುತ್ತದೆ. ಒಂದು ಕಾಲು ಚಿವುಟಿದಾಗ ಎದುರು ಕಾಲು ತಾನಾಗಿ ನೀಳವಾಗಿ ಚಾಚಿದರೆ, ಬೆಳೆದ ದನದಲ್ಲಿ ಅದು ಮೇಲಿನ ತಡೆ ಹೋಗಿದೆ ಎಂಬ ಸೂಚನೆ.

ಬೆನ್ನಿನ ಚರ್ಮ. ನೊಣ ಕೂತಾಗ ಚರ್ಮ ಅದುರಿಸುವ ಅದೇ ಪ್ರತಿಕ್ರಿಯೆ. ಪೆನ್ನಿನ ತುದಿಯಿಂದ ಬೆನ್ನುಮೂಳೆಯ ಎರಡು ಬದಿಗೂ, ಸೊಂಟದಿಂದ ಮುಂದಕ್ಕೆ, ಒಂದೊಂದು ಕಶೇರುವಿನ ಅಂತರದಲ್ಲಿ ಒತ್ತುತ್ತಾ ಬನ್ನಿ. ಒಂದು ಗೆರೆಯ ಹಿಂದೆ ಚರ್ಮ ಅದುರದೆ, ಮುಂದೆ ಅದುರಿದರೆ ಪೆಟ್ಟು ಆ ಗೆರೆಗಿಂತ ಒಂದೆರಡು ಕಶೇರು ಮುಂದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಮರುದಿನ ಆ ಗೆರೆ ಮುಂದಕ್ಕೆ ಸರಿದಿದ್ದರೆ ತೊಂದರೆ ಹಬ್ಬುತ್ತಿದೆ.

ಗುದದ್ವಾರ. ಪೆನ್ನಿನಿಂದ ಸುತ್ತಲೂ ಮುಟ್ಟಿದರೆ ಬಿಗಿಯಬೇಕು, ಬಾಲ ಒತ್ತಿಕೊಳ್ಳಬೇಕು. ಸಡಿಲವಾಗಿದ್ದು ಉಳಿದದ್ದೆಲ್ಲ ಸರಿಯಿದ್ದರೆ ತ್ರಿಕದ ನರ. ನಾಲ್ಕೂ ಕಾಲಿನಲ್ಲಿ ಎಲ್ಲ 1 ಬಂದು ಇದೂ ಸಡಿಲವಿದ್ದರೆ ಮತ್ತೆ ಹಾಲುಜ್ವರದ ಕಡೆ ತಿರುಗಿ.

ನಿಲ್ಲಿಸಬೇಕಾದ ಸೂಚನೆ: ಮುಟ್ಟಿದ ಕೂಡಲೇ ಮೈ ಸೆಟೆದು, ಕಣ್ಣಿನ ಒಳಮೂಲೆಯಿಂದ ಮೂರನೇ ರೆಪ್ಪೆ ಅಡ್ಡ ಬಂದು, ದವಡೆ ಕಚ್ಚಿಕೊಂಡಿದ್ದರೆ ಅದು ಧನುರ್ವಾಯು. ಇಲ್ಲೂ ಬೆನ್ನುಹುರಿಯ ತಡೆಯನ್ನೇ ವಿಷ ಕಿತ್ತುಹಾಕಿದೆ. ಪ್ರತಿ ತಟ್ಟುವಿಕೆಯೂ ಸೆಳೆತ ತರುತ್ತದೆ. ಪರೀಕ್ಷೆ ಬಿಟ್ಟು ಕತ್ತಲಾದ, ಸದ್ದಿಲ್ಲದ ಜಾಗಕ್ಕೆ ಸೇರಿಸಿ.

## 7. ಆಳದ ನೋವು: ಯಾವಾಗಲೂ ಕೊನೆಗೆ

ನೋವು ಕೊಟ್ಟ ಮೇಲೆ ದನ ಮೈ ಬಿಗಿ ಹಿಡಿಯುತ್ತದೆ, ಆಮೇಲೆ ಏನು ನೋಡಿದರೂ ಸುಳ್ಳು. ಆದ್ದರಿಂದ ಇದು ಕೊನೆಗೆ. ಹಿಂದಿನ ಹಂತಗಳಲ್ಲೇ ದನ ನೋವಿಗೆ ತಿರುಗಿ ನೋಡಿದ್ದರೆ ಇದನ್ನು ಮಾಡುವ ಅಗತ್ಯವೇ ಇಲ್ಲ, ಸುಮ್ಮನೆ ನೋಯಿಸಬೇಡಿ.

ಹಿಂಗಾಲಿನ ಗೊರಸಿನ ಮೇಲಂಚನ್ನೋ, ಗೊರಸಿನ ಹಿಂದಿನ ಸಣ್ಣ ಉಗುರಿನ ಬುಡವನ್ನೋ ಬಟ್ಟೆ ಸುತ್ತಿದ ಇಕ್ಕುಳದಿಂದ ನಿಧಾನವಾಗಿ ಹೆಚ್ಚಿಸುತ್ತಾ ಎರಡು ಮೂರು ಸೆಕೆಂಡು ಒತ್ತಿ. ಜೊತೆಗಿರುವವರು ಮುಖ ನೋಡಬೇಕು. ತಲೆ ಎತ್ತಿತೇ, ತಿರುಗಿ ನೋಡಿತೇ, ಕೂಗಿತೇ, ಕಣ್ಣು ಅಗಲವಾಯಿತೇ, ಉಸಿರು ಬದಲಾಯಿತೇ? ಇವುಗಳಲ್ಲಿ ಒಂದಾದರೂ ಇದ್ದರೆ "ನೋವು ಉಂಟು". ಕಾಲು ಎಷ್ಟೇ ಜೋರಾಗಿ ಎಳೆದುಕೊಂಡರೂ ಮುಖದಲ್ಲಿ ಏನೂ ಇಲ್ಲದಿದ್ದರೆ "ಎಳೆತ ಉಂಟು, ನೋವು ಇಲ್ಲ" ಎಂದೇ ಬರೆಯಬೇಕು. ತದ್ವಿರುದ್ಧವೂ ಇದೆ: ಕಾಲು ಅಲ್ಲಾಡಲಿಲ್ಲ, ಆದರೆ ದನ ಕೂಗಿತು. ಅಲ್ಲಿ ಸುದ್ದಿ ಮೇಲಕ್ಕೆ ಹೋಗುತ್ತಿದೆ, ಚಾಲಕ ನರ ಅಥವಾ ಸ್ನಾಯು ಸೋತಿದೆ. ಮೊದಲನೆಯದಕ್ಕಿಂತ ಇದರಲ್ಲಿ ಆಸೆ ಹೆಚ್ಚು.

ಇಬ್ಬರು ಬೇರೆ ಬೇರೆ ಹೊತ್ತಿನಲ್ಲಿ ನೋಡಿ ಒಂದೇ ಉತ್ತರ ಬಂದರೆ ಮಾತ್ರ "ನೋವಿಲ್ಲ" ಎಂದು ನಂಬಿ. ಮೈ ತಣ್ಣಗಾದ, ಮಂಕಾದ ದನ ನೋವಿದ್ದರೂ ತೋರಿಸದು.

## 8. ಕಂಡದ್ದನ್ನು ಕೂಡಿಸುವುದು

ಹಿಂಗಾಲು ಎರಡೂ ಸೋತು, ಮಂಡಿ 3, ಎಳೆತ 3, ಬೆನ್ನಿನ ಚರ್ಮದಲ್ಲಿ ಗೆರೆ ಇದ್ದರೆ ಪೆಟ್ಟು ಎದೆಯ ಅಥವಾ ಸೊಂಟದ ಮುಂಭಾಗದ ಬೆನ್ನುಹುರಿಗೆ. ಕಣಿಗೆ ಬಿದ್ದ ದನಗಳಲ್ಲಿ ಇದನ್ನು ಮೊದಲು ಯೋಚಿಸಿ. ಎತ್ತುವ, ನಿಲ್ಲಿಸುವ ಪ್ರಯತ್ನ ನಿಲ್ಲಿಸಿ.

ಹಿಂಗಾಲು ಎರಡೂ ಸಡಿಲ, ಎಲ್ಲ 0, ಬಾಲ ಜೋತಿದ್ದರೆ ಸೊಂಟದ ಹಿಂಭಾಗ ಅಥವಾ ತ್ರಿಕ.

ಒಂದೇ ಕಾಲು, ಗೊರಸಿನ ಮೇಲಿನ ಗಂಟು ಮುಂದಕ್ಕೆ ಮಡಚಿ ನೆಲಕ್ಕೆ ತಾಗುತ್ತಿದ್ದು, ಮಂಡಿಯ ಹೊರಬದಿಗೆ ತರಚಿದ್ದರೆ ಪೆರೋನಿಯಲ್ ನರ. ಗಟ್ಟಿ ನೆಲದಲ್ಲಿ ಮಲಗಿದ್ದೇ ಕಾರಣ. ಬಹಳಷ್ಟು ವಾಸಿಯಾಗುತ್ತವೆ, ಆದರೆ ವಾರಗಳು ಬೇಕು.

ಮುಂಗಾಲಿನ ಮೊಣಕೈ ಕೆಳಗೆ ಜೋತು, ಗೊರಸು ಎಳೆಯುತ್ತಿದ್ದರೆ ರೇಡಿಯಲ್ ನರ. ಲಾಳ ಕಟ್ಟಲು ಅಥವಾ ಗಾಯ ಹೊಲಿಯಲು ಒಂದೇ ಮಗ್ಗುಲಿಗೆ ಕೆಡವಿ ಬಹಳ ಹೊತ್ತು ಹಿಡಿದ ಮೇಲೆ ಆಗುತ್ತದೆ.

ಡಾಕ್ಟರಿಗೆ ಹೇಳುವಾಗ ರೋಗದ ಹೆಸರು ಹೇಳಬೇಡಿ, ಕಂಡದ್ದನ್ನು ಹೇಳಿ: ಯಾವ ಕಾಲು, ಎಷ್ಟು ಅಂಕ, ಮುಖದಲ್ಲಿ ನೋವು ಉಂಟೋ ಇಲ್ಲವೋ, ಮೈಬಿಸಿ ಎಷ್ಟು, ಬಿದ್ದು ಎಷ್ಟು ಗಂಟೆ. ನಮ್ಮ ಕಡೆ ಡಾಕ್ಟರು ಮಲೆಯಾಳ ಮಾತ್ರ ಬಲ್ಲವರಾಗಿದ್ದರೆ ಕಾಲು ಮತ್ತು ಮುಖ ಒಂದೇ ಚೌಕಟ್ಟಿನಲ್ಲಿ ಬರುವ ಅರ್ಧ ನಿಮಿಷದ ವೀಡಿಯೋ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಸಂಚಾರಿ ಪಶು ಚಿಕಿತ್ಸಾ ಘಟಕಕ್ಕೆ ಕರೆಮಾಡುವ ಸಂಖ್ಯೆ 1962.

## 9. ಕಾಯುವ ಹೊತ್ತಿನಲ್ಲಿ ನರವನ್ನು ಉಳಿಸುವುದು

ಸಿಮೆಂಟು ಅಥವಾ ಕಲ್ಲಿನ ನೆಲದಲ್ಲಿ ಒಂದೇ ಮಗ್ಗುಲಿಗೆ ಆರು ಗಂಟೆ ಮಲಗಿದ ದೊಡ್ಡ ದನದ ಕೆಳಗಿನ ತೊಡೆಗೆ ರಕ್ತ ಹರಿಯದೆ ಸ್ನಾಯು ಸಾಯತೊಡಗುತ್ತದೆ, ಸಯಾಟಿಕ್ ನರವೂ ಜಜ್ಜುತ್ತದೆ. ಕ್ಯಾಲ್ಸಿಯಂ ಕೊಟ್ಟು ಹಾಲುಜ್ವರ ವಾಸಿಯಾದರೂ ದನ ಏಳದಿರುವುದಕ್ಕೆ ಮುಖ್ಯ ಕಾರಣ ಇದೇ. ಆದ್ದರಿಂದ ಬಿದ್ದ ಕೂಡಲೇ ಮೈಯಡಿಗೆ ಒಂದಡಿ ದಪ್ಪಕ್ಕೆ ಬೈಹುಲ್ಲು, ತರಗೆಲೆ ಅಥವಾ ಮರಳು ಹಾಕಬೇಕು. ಹಸಿ ಸೊಪ್ಪು ಬೇಡ, ಜಾರುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ, ಮಗ್ಗುಲು ಬದಲಿಸಬೇಕು. ಎದೆಯ ಮೇಲೆ ಕೂರುವಂತೆ ಎರಡು ಬದಿಗೂ ಬೈಹುಲ್ಲಿನ ಕಟ್ಟು ಆನಿಸಿ. ಪೂರ್ತಿ ಅಡ್ಡ ಬಿದ್ದರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ.

ಕಾಲು ಹರಡುವ ದನಕ್ಕೆ ಹಿಂಗಾಲುಗಳನ್ನು ಅಗಲವಾದ ಬಟ್ಟೆಪಟ್ಟಿಯಿಂದ, ಸಹಜವಾಗಿ ನಿಂತಾಗ ಇರುವ ಅಂತರಕ್ಕಿಂತ ಸ್ವಲ್ಪ ಹೆಚ್ಚು ಬಿಟ್ಟು, ಒಂದಕ್ಕೊಂದು ಕಟ್ಟಿ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ತೆಳು ನೈಲಾನ್ ಹಗ್ಗ ಚರ್ಮ ಕೊಯ್ಯುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ಮನೆಯಲ್ಲೇ ರಕ್ತನಾಳಕ್ಕೆ ಏರಿಸಲು ಹೋಗಬೇಡಿ. ವೇಗ ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಡಾಕ್ಟರು ಕೊಡುವಾಗಲೂ ಎದೆಬಡಿತ ಕೇಳುತ್ತಾ ನಿಧಾನವಾಗಿಯೇ ಕೊಡುತ್ತಾರೆ.

## 10. ಎರಡನೇ ಸಲ ನೋಡುವುದು

ದಿನಕ್ಕೆ ಎರಡು ಸಲ, ಒಂದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರೇ ನೋಡಬೇಕು. ಗಂಟೆಗೊಮ್ಮೆ ಚಿವುಟಿದರೆ ದನ ಬಳಲುತ್ತದೆ, ಉತ್ತರವೂ ಮಂದವಾಗುತ್ತದೆ. ನೋಟ್‌ಪುಸ್ತಕದಲ್ಲಿ ಮೂರು ಸಾಲು ಸಾಕು: ಅಂಕಗಳು, ಮುಖದಲ್ಲಿ ನೋವು ಉಂಟೋ ಇಲ್ಲವೋ, ಏಳಲು ತಾನಾಗಿ ಎಷ್ಟು ಸಲ ಪ್ರಯತ್ನಿಸಿತು.

ಕರುವಿನ ತೊಡೆಯ ಸುತ್ತಳತೆಯನ್ನು ಟೇಪಿನಿಂದ ಎರಡು ಕಾಲಿಗೂ ಒಂದೇ ಎತ್ತರದಲ್ಲಿ ಅಳೆದು ಬರೆಯಿರಿ. ಹತ್ತು ದಿನದಲ್ಲಿ ಒಂದು ಕಡೆ ಇಳಿಯುತ್ತಾ ಹೋಗಿ ಮಂಡಿ 0 ಆಗಿಯೇ ಉಳಿದರೆ ನರಕ್ಕೆ ಜೋರಾದ ಪೆಟ್ಟಾಗಿದೆ. ಅಳತೆ ಸ್ಥಿರವಾಗಿ ಅಂಕ 0ಯಿಂದ 1ಕ್ಕೆ ಬಂದರೆ ಕಾಲನ್ನು ದಿನಕ್ಕೆ ನಾಲ್ಕೈದು ಸಲ ಮಡಚಿ ಬಿಡಿಸುವ ವ್ಯಾಯಾಮ ಮುಂದುವರಿಸಿ.

ತಿನ್ನುತ್ತಾ, ಗಮನಿಸುತ್ತಾ, ಏಳಲು ಒದ್ದಾಡುತ್ತಿರುವ ದನಕ್ಕೆ ಸಮಯ ಕೊಡಬಹುದು. ಬೆನ್ನುಮೂಳೆಗೆ ಪೆಟ್ಟು ಬಿದ್ದು ಎರಡು ದಿನ ಕಳೆದರೂ ಹಿಂಗಾಲು ಎರಡರಲ್ಲೂ ಆಳದ ನೋವು ಮರಳದಿದ್ದರೆ, ಕಾಲು ಎಷ್ಟೇ ಚುರುಕಾಗಿ ಎಳೆದುಕೊಳ್ಳುತ್ತಿದ್ದರೂ, ದನ ಮತ್ತೆ ನಿಲ್ಲುವ ಸಾಧ್ಯತೆ ತೀರಾ ಕಡಿಮೆ. ಆಗ ಮಲಗಿದಲ್ಲೇ ಹುಣ್ಣಾಗಿ ಕೊಳೆಯಲು ಬಿಡದೆ, ಮುಂದೇನು ಎಂದು ಡಾಕ್ಟರ ಜೊತೆ ಅದೇ ದಿನ ಕೂತು ಮಾತಾಡಬೇಕು.